ಆಟದೊಳಗೆ ಊರು ಕಟ್ಟುವ ಮಕ್ಕಳು

ಪರೀಕ್ಷೆ ಮುಗಿದ ರಜೆಯಲ್ಲಿ ಮಕ್ಕಳು ಬೀದಿಯಲ್ಲಿ ಗೋಲಿ, ಲಗೋರಿ, ಕ್ರಿಕೆಟ್ ಆಡುತ್ತಿದ್ದ ಕಾಲದಲ್ಲಿ ತಾಯಂದಿರಿಗೆ ಒಂದು ಅನುಕೂಲವಿತ್ತು. ಮಗ ಯಾರೊಂದಿಗೆ ಆಡುತ್ತಿದ್ದಾನೆ, ಜಗಳ ಕಾಯುತ್ತಿದ್ದಾನೆಯೇ, ಗೆದ್ದನೇ ಸೋತನೇ ಎಂಬುದು ಕಿಟಕಿಯಿಂದ ಇಣುಕಿದರೆ ತಿಳಿದುಬಿಡುತ್ತಿತ್ತು. ಈಗ ಮಗ ಮನೆಯೊಳಗೇ ಇದ್ದಾನೆ. ನಮ್ಮ ಕಣ್ಣೆದುರೇ ಕುಳಿತಿದ್ದಾನೆ. ಆದರೆ ಅವನು ಆಡುವ ಮೈದಾನ ಮಾತ್ರ ನಮಗೆ ಕಾಣಿಸುವುದಿಲ್ಲ. "ಬಲಗಡೆ ಒಬ್ಬ ಇದ್ದಾನೆ", "ಸ್ಮೋಕ್ ಹಾಕು", "ಬೇಗ ಬಾ, ನನ್ನನ್ನು ಎಬ್ಬಿಸು" ಎಂಬ ಅರ್ಧಂಬರ್ಧ ಮಾತುಗಳಷ್ಟೇ ನಮ್ಮ ಕಿವಿಗೆ ಬೀಳುತ್ತವೆ. ಆ ಕಡೆ ಇರುವವನು ಪಕ್ಕದ ಬೀದಿಯವನೋ, ಪರದೇಶದವನೋ ನಮಗೆ ಗೊತ್ತಾಗುವುದಿಲ್ಲ.

ಬೆಂಗಳೂರು–ಮಂಗಳೂರು ಹೆದ್ದಾರಿಯ ಬೆಳ್ಳೂರು ಕ್ರಾಸ್ ಯಾರಿಗೆ ತಾನೆ ಗೊತ್ತಿಲ್ಲ? ಅಲ್ಲಿಂದ ಒಳಕ್ಕೆ ಹೋದರೆ ಸಿಗುವ ಬೆಳ್ಳೂರು, ನಾಗಮಂಗಲ ತಾಲೂಕಿನ ಒಂದು ಪುಟ್ಟ ಪಟ್ಟಣ. ಇಪ್ಪತ್ತು ವರ್ಷಗಳ ಹಿಂದೆ ಇಂತಹ ಊರಿನ ಹುಡುಗನೊಬ್ಬ ಇತರರೊಂದಿಗೆ ಕಂಪ್ಯೂಟರ್‌ನಲ್ಲಿ ಗುಂಡಿನ ಕಾಳಗದ ಆಟ ಆಡಬೇಕೆಂದರೆ ಬೆಂಗಳೂರಿನ ಸೈಬರ್ ಕೆಫೆಗೆ ಹೋಗಬೇಕಿತ್ತು. ಸಿಫಿ ಐವೇ, ರಿಲಯನ್ಸ್ ವೆಬ್‌ವರ್ಲ್ಡ್‌ನಂತಹ ಕಡೆ ಗಂಟೆಗಿಷ್ಟು ಎಂದು ಹಣ ಕೊಟ್ಟು ಯುವಕರು ಆಡುತ್ತಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ಅಂದಿನಿಂದ ದೊಡ್ಡ ನಗರದ ಆ ಕೆಫೆ ಪುಟ್ಟ ಪಟ್ಟಣದ ಮನೆಮನೆಯ ಮೂಲೆಗೂ ಬಂದು ಕುಳಿತಿದೆ.

ಈ ಆಟಗಳ ಬಗ್ಗೆ ನಮ್ಮಲ್ಲಿ ಎರಡೇ ಮಾತುಗಳಿವೆ. "ಎಲ್ಲವೂ ಹಾಳು, ಮೊಬೈಲ್ ಕಿತ್ತುಕೊಳ್ಳಿ" ಎಂಬುದು ಒಂದು. "ಈಗಿನ ಮಕ್ಕಳೇ ಹೀಗೆ, ಏನು ಮಾಡಲಿಕ್ಕಾಗುತ್ತದೆ?" ಎಂಬುದು ಇನ್ನೊಂದು. ಎರಡರಲ್ಲೂ ತಾಯಿಗೆ ತಿಳಿದುಕೊಳ್ಳುವ ಕೆಲಸವಿಲ್ಲ. ಆದರೆ ತಿಳಿದುಕೊಳ್ಳಬೇಕಾದದ್ದು ಬಹಳಷ್ಟಿದೆ.

ಗುಂಪು ಎಂದರೇನು?

ಮೊದಲನೆಯದಾಗಿ, ಈ ಆಟವನ್ನು ಗಂಭೀರವಾಗಿ ಆಡುವವರು ಒಂಟಿಯಾಗಿ ಆಡುವುದಿಲ್ಲ. ನಾಲ್ಕೈದು ಮಂದಿಯ ತಂಡ ಇರುತ್ತದೆ. ಅಂತಹ ಹಲವು ತಂಡಗಳು ಸೇರಿ ವಾಟ್ಸಾಪ್‌ನಲ್ಲೋ ಡಿಸ್ಕಾರ್ಡ್‌ನಲ್ಲೋ ಒಂದು ದೊಡ್ಡ ಗುಂಪಾಗುತ್ತವೆ. ಡಿಸ್ಕಾರ್ಡ್ ಎಂಬುದು ಮಾತನಾಡುತ್ತಾ ಆಡಲೆಂದೇ 2015ರಲ್ಲಿ ಬಂದ ವ್ಯವಸ್ಥೆ. ತಂಡದಲ್ಲಿ ಒಬ್ಬ ನಾಯಕ. ಆಟ ನಡೆಯುತ್ತಿರುವಾಗ ಎಲ್ಲಿ ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಹೇಳುವವನು ಅವನೇ. ಒಬ್ಬ ಮುಂದೆ ನುಗ್ಗುವವನು, ಒಬ್ಬ ದೂರದಿಂದ ಗುರಿ ಇಡುವವನು, ಒಬ್ಬ ಬೆಂಬಲಕ್ಕೆ ನಿಲ್ಲುವವನು. ತಂಡಗಳು ತಮ್ಮತಮ್ಮಲ್ಲೇ ಅಭ್ಯಾಸದ ಪಂದ್ಯಗಳನ್ನು ಏರ್ಪಡಿಸಿಕೊಳ್ಳುತ್ತವೆ. ಗುಂಪಿನ ಹಿರಿಯರು ಪಂದ್ಯದ ವೇಳಾಪಟ್ಟಿ ಹಾಕುತ್ತಾರೆ, ಕೋಣೆಯ ಸಂಖ್ಯೆ ಮತ್ತು ಪಾಸ್‌ವರ್ಡ್ ಹಂಚುತ್ತಾರೆ, ಅಂಕ ಬರೆದಿಡುತ್ತಾರೆ, ಮೋಸ ಮಾಡಿದವನನ್ನು ಹೊರಗೆ ಹಾಕುತ್ತಾರೆ. ಒಟ್ಟಿನಲ್ಲಿ ಊರಿನ ಕ್ರಿಕೆಟ್ ಟೂರ್ನಮೆಂಟ್‌ಗೆ ಏನೆಲ್ಲ ಬೇಕೋ ಅದೆಲ್ಲವೂ ಅಲ್ಲಿದೆ.

ಎರಡನೆಯದಾಗಿ, ಈ ಗುಂಪುಗಳಲ್ಲಿ ಆಡುವವರಷ್ಟೇ ಇರುವುದಿಲ್ಲ. ಆಡುವ ಸ್ಥಳವನ್ನೇ ಕಟ್ಟುವವರೂ ಇರುತ್ತಾರೆ. ಇದನ್ನು ಅವರು 'ಮ್ಯಾಪ್' ಮಾಡುವುದು ಎನ್ನುತ್ತಾರೆ. ಹೆಸರು ಮ್ಯಾಪ್ ಎಂದಿದ್ದರೂ ಅದು ಕಾಗದದ ನಕ್ಷೆಯಲ್ಲ. ಬೀದಿ, ಗೋಡೆ, ಮೆಟ್ಟಿಲು, ಕಮಾನು, ಬೆಳಕು ನೆರಳುಗಳೆಲ್ಲ ಇರುವ, ಒಳಗೆ ಓಡಾಡಬಹುದಾದ ಒಂದು ಪುಟ್ಟ ಊರು.

ವಿದ್ಯಾರ್ಥಿಗಳು ಕಟ್ಟಿದ ಆಟ

ಇಂತಹ ಗುಂಪುಗಳ ಕಥೆ ಆರಂಭವಾಗುವುದು ಒಂದು ವಿಶಿಷ್ಟ ಘಟನೆಯಿಂದ. 1998ರಲ್ಲಿ ಅಮೆರಿಕದ ವಾಲ್ವ್ ಕಂಪನಿ 'ಹಾಫ್ ಲೈಫ್' ಎಂಬ ಆಟವನ್ನು ಹೊರತಂದಿತು. ಕೆನಡಾದ ವಿದ್ಯಾರ್ಥಿ ಮಿನ್ ಲೀ ಮತ್ತು ಅವರ ಜೊತೆಗಾರ ಜೆಸ್ ಕ್ಲಿಫ್ ಅದನ್ನೇ ತಳಪಾಯವಾಗಿಟ್ಟುಕೊಂಡು ಬಿಡುವಿನ ವೇಳೆಯಲ್ಲಿ ಬೇರೆಯೇ ಒಂದು ಆಟ ಕಟ್ಟಿದರು. 1999ರ ಜೂನ್‌ನಲ್ಲಿ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿದರು. ಅದೇ 'ಕೌಂಟರ್ ಸ್ಟ್ರೈಕ್'. ಆಡಿದವರು ತಪ್ಪುಗಳನ್ನು ಬರೆದು ಕಳುಹಿಸಿದರು, ಕೆಲವರು ಹೊಸ ಮ್ಯಾಪ್‌ಗಳನ್ನು ಕಟ್ಟಿ ಕೊಟ್ಟರು. 2000ದ ನವೆಂಬರ್‌ನಲ್ಲಿ ವಾಲ್ವ್ ಕಂಪನಿಯೇ ಅದನ್ನು ತನ್ನ ಆಟವಾಗಿ ಮಾರುಕಟ್ಟೆಗೆ ತಂದಿತು. ಇಂದಿಗೂ ಜಗತ್ತಿನಾದ್ಯಂತ ಆಡಲಾಗುವ ಆ ಆಟದ ಇತ್ತೀಚಿನ ರೂಪ 'ಕೌಂಟರ್ ಸ್ಟ್ರೈಕ್ 2' ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ.

ಅದರ ಅತ್ಯಂತ ಪ್ರಸಿದ್ಧ ಮ್ಯಾಪ್ 'ಡಸ್ಟ್' ಕಟ್ಟಿದವರು ಡೇವ್ ಜಾನ್‌ಸ್ಟನ್. ಆಗ ಅವರು ಇಂಗ್ಲೆಂಡಿನ ಒಬ್ಬ ಹದಿಹರೆಯದ ವಿದ್ಯಾರ್ಥಿ. ಇನ್ನೂ ಬಿಡುಗಡೆಯಾಗದಿದ್ದ ಬೇರೊಂದು ಆಟದ ಚಿತ್ರಗಳನ್ನು ನೋಡಿ ಆ ನೋಟಕ್ಕೆ ಮನಸೋತು ತಾನೂ ಹಾಗೆಯೇ ಕಟ್ಟಲು ಹೊರಟದ್ದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. 2001ರಲ್ಲಿ ಬಂದ ಅವರ 'ಡಸ್ಟ್ 2' ಅನ್ನು ಎರಡು ದಶಕಗಳ ನಂತರವೂ ಜನ ಆಡುತ್ತಲೇ ಇದ್ದಾರೆ. ಒಬ್ಬ ವಿದ್ಯಾರ್ಥಿ ತನ್ನ ಕೋಣೆಯಲ್ಲಿ ಕುಳಿತು ಎಳೆದ ಗೋಡೆಗಳ ನಡುವೆ ಜಗತ್ತಿನ ಲಕ್ಷಾಂತರ ಯುವಕರು ಓಡಾಡಿದ್ದಾರೆ ಎಂಬುದು ಸಾಮಾನ್ಯ ಸಂಗತಿಯಲ್ಲ.

ಮದುವೆ ಚಪ್ಪರದ ಲೆಕ್ಕಾಚಾರ

ಮ್ಯಾಪ್ ಕಟ್ಟುವುದರಲ್ಲಿ ಅಂತಹ ಬುದ್ಧಿವಂತಿಕೆ ಏನಿದೆ ಎಂದು ಕೇಳಬಹುದು. ನಮ್ಮ ಮದುವೆ ಮನೆಯನ್ನೇ ನೆನಪಿಸಿಕೊಳ್ಳಿ. ಊಟದ ಹಾಲ್‌ಗೆ ಒಂದೇ ಬಾಗಿಲಿದ್ದರೆ ಏನಾಗುತ್ತದೆ? ಬಿರಿಯಾನಿ ತರುವವರು, ಕೈ ತೊಳೆಯಲು ಹೋಗುವವರು, ಮುಂದಿನ ಪಂಕ್ತಿಗೆ ಕಾಯುವವರು ಎಲ್ಲರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅನುಭವಿಗಳು ಚಪ್ಪರ ಹಾಕಿಸುವಾಗಲೇ ಹೆಂಗಸರಿಗೆ ಬೇರೆ ದಾರಿ, ಅಡುಗೆಯವರಿಗೆ ಹಿಂದಿನ ದಾರಿ ಎಂದು ಯೋಚಿಸಿಡುತ್ತಾರೆ.

ಮ್ಯಾಪ್ ಕಟ್ಟುವವನು ಮಾಡುವುದೂ ಇದೇ ಲೆಕ್ಕಾಚಾರ. ಎರಡು ತಂಡಗಳು ಎರಡು ತುದಿಗಳಿಂದ ಹೊರಡುತ್ತವೆ. ಯಾವ ತಂಡ ಎಷ್ಟು ಸೆಕೆಂಡಿನಲ್ಲಿ ನಡುವಿನ ಬಾಗಿಲಿಗೆ ತಲುಪುತ್ತದೆ? ಒಂದು ತಂಡ ಎರಡು ಸೆಕೆಂಡು ಮೊದಲೇ ತಲುಪಿದರೆ ಪ್ರತಿ ಸಲವೂ ಅದೇ ಗೆಲ್ಲುತ್ತದೆ. ಯಾವ ಮೂಲೆಯಲ್ಲಿ ನಿಂತರೆ ಎಷ್ಟು ದೂರ ಕಾಣುತ್ತದೆ? ಅಡಗಿ ಕುಳಿತವನನ್ನು ಹೊರಡಿಸಲು ಇನ್ನೊಂದು ದಾರಿ ಇದೆಯೇ? ಮೊದಲು ಬಣ್ಣವಿಲ್ಲದ ಬರೀ ಗೋಡೆಗಳನ್ನು ನಿಲ್ಲಿಸಿ ಗುಂಪಿನವರಿಗೆ ಆಡಲು ಕೊಡುತ್ತಾರೆ. ಅವರು ಹತ್ತು ತಪ್ಪು ಹೇಳುತ್ತಾರೆ. ಗೋಡೆ ಸರಿಸಿ ಮತ್ತೆ ಕೊಡಬೇಕು, ಅವರು ಮತ್ತೆ ತಪ್ಪು ಹುಡುಕುತ್ತಾರೆ. ಆಟ ಸಮವಾಗಿದೆ ಎಂದಾದ ಮೇಲೆಯೇ ಬಣ್ಣ, ಬೆಳಕು, ಅಲಂಕಾರ. ಅಳತೆ, ಜ್ಯಾಮಿತಿ, ತಾಳ್ಮೆ, ಅದಕ್ಕಿಂತ ಹೆಚ್ಚಾಗಿ ಟೀಕೆ ಕೇಳಿಸಿಕೊಳ್ಳುವ ಗುಣ ಇದಕ್ಕೆ ಬೇಕು. ಬೈದರೆ ಬಾಗಿಲು ಬಡಿದು ಹೋಗುವ ವಯಸ್ಸಿನ ಹುಡುಗ ಇಲ್ಲಿ ಅಪರಿಚಿತರ ಟೀಕೆಯನ್ನು ಕೇಳಿ ತಿದ್ದಿಕೊಳ್ಳಲು ಕಲಿಯುತ್ತಾನೆ.

ಇದಕ್ಕೆ ದುಬಾರಿ ಕಂಪ್ಯೂಟರ್ ಬೇಕೇಬೇಕು ಎಂದೂ ಇಲ್ಲ. 'ಫ್ರೀ ಫೈರ್ ಮ್ಯಾಕ್ಸ್' ಆಟದಲ್ಲಿ 'ಕ್ರಾಫ್ಟ್‌ಲ್ಯಾಂಡ್' ಎಂಬ ವಿಭಾಗವಿದೆ. ಅಲ್ಲಿ ಮೊಬೈಲ್‌ನಲ್ಲೇ ಬೆರಳಿನಿಂದ ಗೋಡೆ, ಸೇತುವೆ ಇಟ್ಟು ಮ್ಯಾಪ್ ಕಟ್ಟಿ ಗೆಳೆಯರಿಗೆ ಆಡಲು ಕೊಡಬಹುದು. ಪಬ್‌ಜಿಯ ಬಳಗದ ಆಟಗಳಲ್ಲೂ 2023ರ ಹೊತ್ತಿಗೆ 'ವರ್ಲ್ಡ್ ಆಫ್ ವಂಡರ್' ಎಂಬ ಇಂತಹದೇ ಸೌಲಭ್ಯ ಬಂತು. ಬೆಳ್ಳೂರಿನ ಹುಡುಗನೂ ತನ್ನ ಪೇಟೆ ಬೀದಿಯ ತಿರುವುಗಳನ್ನು, ಕೆರೆ ಏರಿಯನ್ನು ಆಟದೊಳಗೆ ನಿಲ್ಲಿಸಬಹುದು.

ಯಾರ ಬೀದಿ, ಯಾರ ಕಣ್ಣಲ್ಲಿ?

ಇಲ್ಲೊಂದು ಸೂಕ್ಷ್ಮ ವಿಷಯವಿದೆ. 'ಡಸ್ಟ್' ಮ್ಯಾಪನ್ನು ನೋಡಿದರೆ ಅದು ಮರಳುಗಾಡಿನ ಅರಬ್ ಊರಿನಂತೆ ಕಾಣುತ್ತದೆ. ಮಣ್ಣಿನ ಬಣ್ಣದ ಗೋಡೆಗಳು, ಕಮಾನುಗಳು, ಕಿರಿದಾದ ಓಣಿಗಳು. ಆ ಊರಿನಲ್ಲಿ ಅಂಗಡಿಯವನಿಲ್ಲ, ಬಟ್ಟೆ ಒಣಗಿಸುವ ಹೆಂಗಸಿಲ್ಲ, ಶಾಲೆಗೆ ಹೋಗುವ ಮಗುವಿಲ್ಲ. ಆಡುವ ಎರಡು ತಂಡಗಳಲ್ಲಿ ಒಂದಕ್ಕೆ ಭಯೋತ್ಪಾದಕರೆಂದೇ ಹೆಸರು. ಆ ವಿದ್ಯಾರ್ಥಿಯ ಮನಸ್ಸಿನಲ್ಲಿ ಕೆಡುಕಿತ್ತು ಎಂದು ಹೇಳುವುದು ನ್ಯಾಯವಲ್ಲ. ಆದರೆ ಒಂದು ಸಂಸ್ಕೃತಿಯ ಬೀದಿಯನ್ನು ಮತ್ತೆ ಮತ್ತೆ ಕಾಳಗದ ಕಣವಾಗಿಯಷ್ಟೇ ನೋಡಿದ ಕಣ್ಣಿಗೆ ಅಲ್ಲಿ ಜನ ಬಾಳುತ್ತಾರೆ ಎಂಬುದು ಮರೆತುಹೋಗುವುದು ಸುಲಭ. ಈ ಮಾತನ್ನು ಮಗನೊಂದಿಗೆ ಶಾಂತವಾಗಿ ಆಡಬಹುದು. "ಈ ಊರಿನಲ್ಲಿ ಜನ ಎಲ್ಲಿ ಹೋದರು?" ಎಂಬ ಒಂದು ಪ್ರಶ್ನೆ ಸಾಕು, ಅವನೇ ಯೋಚಿಸಲು ತೊಡಗುತ್ತಾನೆ.

ಕಟ್ಟುವವನಿಗೂ ಜವಾಬ್ದಾರಿಯಿದೆ. 2007ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಶಾಲೆಯನ್ನೇ ಕೌಂಟರ್ ಸ್ಟ್ರೈಕ್‌ನ ಮ್ಯಾಪ್ ಆಗಿ ಕಟ್ಟಿದ. ಶಾಲೆಯ ಕಾರಿಡಾರ್ ಅವನಿಗೆ ಚೆನ್ನಾಗಿ ಗೊತ್ತಿದ್ದುದರಿಂದ ಕಟ್ಟಿದನೇ ಹೊರತು ಬೇರೆ ಉದ್ದೇಶದ ಪುರಾವೆ ಸಿಗಲಿಲ್ಲ. ಆದರೆ ಅದಕ್ಕೆ ಕೆಲವೇ ವಾರಗಳ ಹಿಂದೆ ವರ್ಜೀನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಭೀಕರ ಗುಂಡಿನ ದಾಳಿ ನಡೆದಿತ್ತು. ಹುಡುಗನ ಮನೆಗೆ ಪೊಲೀಸರು ಬಂದರು, ಅವನನ್ನು ಆ ಶಾಲೆಯಿಂದ ಬೇರೆಡೆಗೆ ಕಳುಹಿಸಲಾಯಿತು. ನಮ್ಮ ಕಾಲವೂ ಸೂಕ್ಷ್ಮವಾಗಿದೆ, ನಮ್ಮ ಮಕ್ಕಳ ವಿಷಯದಲ್ಲಿ ಇನ್ನಷ್ಟು ಸೂಕ್ಷ್ಮ. ಶಾಲೆ, ಬಸ್ ನಿಲ್ದಾಣ, ಮಸೀದಿ, ದೇವಸ್ಥಾನ, ಸರಕಾರಿ ಕಚೇರಿ ಇವುಗಳನ್ನು ಗುಂಡಿನ ಆಟದ ಮ್ಯಾಪ್ ಆಗಿ ಎಂದಿಗೂ ಕಟ್ಟಬಾರದು ಎಂದು ಮಗನಿಗೆ ಮೊದಲೇ ಹೇಳಿಡುವುದು ತಾಯಿಯ ಜಾಣ್ಮೆ. ಅದೇ ಊರಿನ ಬೀದಿಯನ್ನು ಓಟದ ಆಟಕ್ಕೋ, ಒಗಟು ಬಿಡಿಸುವ ಆಟಕ್ಕೋ ಕಟ್ಟಿದರೆ ಯಾರ ಮನಸ್ಸಿಗೂ ನೋವಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗಳಿಗೆ ಪದಕವಿತ್ತು. ಅಲ್ಲಿ ಪಬ್‌ಜಿ ಮೊಬೈಲನ್ನೇ ಬದಲಾಯಿಸಿ, ಆಟಗಾರರು ಪರಸ್ಪರ ಕೊಲ್ಲದೆ ವಾಹನ ಓಡಿಸುತ್ತಾ ಗುರಿಹಲಗೆಗಳಿಗೆ ಹೊಡೆಯುವಂತೆ ಮಾಡಿದ್ದರು. ಅಂದರೆ ಕೊಲ್ಲುವುದೇ ಆಟದ ಪ್ರಾಣವಲ್ಲ ಎಂದಾಯಿತು.

ಕೆಡುಕು ಎಲ್ಲಿಂದ ಬರುತ್ತದೆ?

ಒಳ್ಳೆಯದನ್ನು ಹೇಳಿದ ಮೇಲೆ ಕೆಟ್ಟದ್ದನ್ನು ಮರೆಮಾಚಬಾರದು. ಮೊದಲನೆಯದು ಹಣ. 2013ರಲ್ಲಿ ಕೌಂಟರ್ ಸ್ಟ್ರೈಕ್‌ನಲ್ಲಿ ಆಯುಧಗಳಿಗೆ ಹಚ್ಚುವ ಬಣ್ಣದ 'ಸ್ಕಿನ್'ಗಳು ಬಂದವು. ಹಣ ಕೊಟ್ಟು ಕೀಲಿ ಕೊಂಡು ಪೆಟ್ಟಿಗೆ ತೆರೆಯಬೇಕು, ಒಳಗೆ ಏನಿದೆ ಎಂಬುದು ಅದೃಷ್ಟ. ಆ ಸ್ಕಿನ್‌ಗಳನ್ನೇ ಪಣವಾಗಿಟ್ಟು ಜೂಜಾಡುವ ತಾಣಗಳು ಹುಟ್ಟಿಕೊಂಡವು. 2016ರಲ್ಲಿ ವಾಲ್ವ್ ಕಂಪನಿಯೇ ಅವುಗಳಿಗೆ ನೋಟಿಸ್ ಕೊಡಬೇಕಾಯಿತು. ಬೆಲ್ಜಿಯಂ ದೇಶ 2018ರಲ್ಲಿ ಇಂತಹ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಜೂಜು ಇಸ್ಪೀಟಿನ ರೂಪದಲ್ಲಿ ಬಂದರೆ ನಮ್ಮ ಮನೆಗಳಲ್ಲಿ ಕೂಡಲೇ ಗುರುತಿಸುತ್ತೇವೆ. ಬಣ್ಣದ ಪೆಟ್ಟಿಗೆಯ ರೂಪದಲ್ಲಿ ಬಂದರೆ ಗುರುತಿಸುವುದಿಲ್ಲ.

ಕಾನೂನಿನ ಸಂಗತಿಯನ್ನೂ ತಿಳಿದಿರಬೇಕು. ಹಣ ಹೂಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ ಸರಕಾರ 2021ರಲ್ಲಿ ನಿಷೇಧಿಸಿತು, ಆ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನೇ ಅಂಗೀಕರಿಸಿತು. ಅದರಂತೆ ಇ-ಕ್ರೀಡೆಗೆ ಮಾನ್ಯತೆಯಿದೆ, ಆದರೆ ಪಣ ಕಟ್ಟಿ ಗೆಲ್ಲುವ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದ್ದರಿಂದ ಯಾವುದೋ ಗುಂಪಿನಲ್ಲಿ "ಐವತ್ತು ರೂಪಾಯಿ ಹಾಕು, ಗೆದ್ದರೆ ಐನೂರು" ಎಂದು ಬಂದರೆ ಮಗ ಅಲ್ಲಿಂದ ಹೊರಬರಬೇಕು.

ಎರಡನೆಯದು ಮೋಸ. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಪಂದ್ಯಾವಳಿಯಲ್ಲಿ ಭಾರತದ 'ಆಪ್ಟಿಕ್ ಇಂಡಿಯಾ' ತಂಡದ ಒಬ್ಬ ಆಟಗಾರ, ಗುರಿ ತಾನಾಗಿಯೇ ಹಿಡಿಯುವ ಕಳ್ಳ ತಂತ್ರಾಂಶ ಬಳಸಿದ್ದು ಪಂದ್ಯದ ನಡುವೆಯೇ ಬಯಲಾಯಿತು. ತಂಡ ಅನರ್ಹಗೊಂಡಿತು, ಆಮೇಲೆ ತಂಡವೇ ವಿಸರ್ಜನೆಯಾಯಿತು. ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಉಳಿದ ನಾಲ್ವರ ಶ್ರಮವೂ ಅವನೊಬ್ಬನ ಮೋಸದಲ್ಲಿ ಕೊಚ್ಚಿಹೋಯಿತು. ಪ್ರಾಮಾಣಿಕತೆಯ ಪಾಠ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಮಕ್ಕಳಿಗೆ ಸಿಗಲಿಕ್ಕಿಲ್ಲ.

ಮೂರನೆಯದು ಸಮಯ. ಪಬ್‌ಜಿಯನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ತೆಗೆಯಲಾಯಿತು, 2023ರ ಮೇಯಲ್ಲಿ ಮರಳಿತು. ಹಾಗೆ ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆಯ ಮಿತಿ ಹಾಕಲಾಗಿತ್ತು. ಮಗ ತಂದೆಯ ವಯಸ್ಸು ಹಾಕಿ ಖಾತೆ ತೆರೆದರೆ ಯಾವ ಮಿತಿಯಿಂದಲೂ ಪ್ರಯೋಜನವಿಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದು, ಅದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಹೆಚ್ಚು ಆಡುವವರೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ನಿಲ್ಲಿಸಲಾಗದಿರುವುದು ಈ ಮೂರೂ ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂಡುಬಂದರೆ ಮಾತ್ರ ಅದು ರೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್ ಕ್ಲಿನಿಕ್' ಇದೆ. ದೂರವಾಯಿತು ಎನ್ನುವವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹೆಣ್ಣು ಮಕ್ಕಳೂ ಆಡುತ್ತಾರೆ

ಈವರೆಗೆ 'ಮಗ' ಎಂದೇ ಹೇಳಿದರೂ ಹೆಣ್ಣು ಮಕ್ಕಳೂ ಈ ಗುಂಪುಗಳಲ್ಲಿದ್ದಾರೆ. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಪಾಯಲ್ ಧಾರೆ ಬಿಜಿಎಂಐ ಆಡುತ್ತಾ ದೇಶದಲ್ಲೇ ಹೆಸರು ಮಾಡಿದವರು. ಆದರೆ ಹೆಣ್ಣಿನ ದನಿ ಕೇಳಿದೊಡನೆ ಅಸಭ್ಯವಾಗಿ ಮಾತನಾಡುವವರೂ ಅಲ್ಲಿದ್ದಾರೆ. ಆದುದರಿಂದ ಎಷ್ಟೋ ಹುಡುಗಿಯರು ಹೆಸರು ಬದಲಿಸಿ, ಮೈಕ್ ಮುಚ್ಚಿ ಆಡುತ್ತಾರೆ. ಇಲ್ಲಿ ಮಗಳಿಗೆ ಮಾತ್ರ ಬುದ್ಧಿ ಹೇಳಿ ಮಗನನ್ನು ಬಿಟ್ಟರೆ ಸಾಲದು. ತಂಡದಲ್ಲಿ ಹುಡುಗಿಯೊಬ್ಬಳಿಗೆ ಯಾರಾದರೂ ಹೊಲಸು ಮಾತಾಡಿದರೆ "ನಿಲ್ಲಿಸು" ಎನ್ನುವ ಧೈರ್ಯ ಮಗನಿಗೆ ಇರಬೇಕು. ಮನೆಯಲ್ಲಿ ತಾಯಿಗೆ, ಅಕ್ಕತಂಗಿಯರಿಗೆ ಗೌರವ ಕೊಟ್ಟು ಬೆಳೆದವನಿಗೆ ಅದು ಕಷ್ಟವಲ್ಲ.

ಮನೆಯಲ್ಲಿ ಏನು ಮಾಡಬಹುದು?

ಗಡಿಯಾರ ತೋರಿಸಿ "ಐದು ನಿಮಿಷದಲ್ಲಿ ಎದ್ದೇಳು" ಎಂದರೆ ಜಗಳವೇ ಆಗುತ್ತದೆ. ಏಕೆಂದರೆ ಈ ಆಟವನ್ನು ನಡುವೆ ನಿಲ್ಲಿಸಿಡಲಾಗದು. ಒಂದು ಪಂದ್ಯಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ನಡುವೆ ಎದ್ದರೆ ತಂಡದ ಉಳಿದವರು ಸೋಲುತ್ತಾರೆ. ಆದ್ದರಿಂದ ನಿಮಿಷದ ಬದಲು ಪಂದ್ಯದ ಲೆಕ್ಕ ಇಟ್ಟುಕೊಳ್ಳಿ. "ಇಂದು ಎರಡು ಪಂದ್ಯ, ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಹೊಸ ಪಂದ್ಯ ಶುರು ಮಾಡಬಾರದು" ಎಂಬ ಒಪ್ಪಂದ ಮಕ್ಕಳಿಗೂ ನ್ಯಾಯವೆನಿಸುತ್ತದೆ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಲ್ಲ, ನಡುಮನೆಯಲ್ಲಿ ಆಡಲಿ. ಗುಂಪಿನ ಹೆಸರು, ನಡೆಸುವವರು ಯಾರು, ಅವರ ವಯಸ್ಸೆಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಕೌಂಟರ್ ಸ್ಟ್ರೈಕ್‌ನಂತಹ ಆಟವನ್ನು ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರಿಗೆ ಎಂದು ಗುರುತಿಸಲಾಗಿದೆ, ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಅದು ಹೋಗಬಾರದು. ಬ್ಯಾಂಕ್ ಖಾತೆಗೆ ಸೇರಿದ ಮೊಬೈಲ್ ಪಾವತಿಯ ಪಿನ್ ಮಕ್ಕಳಿಗೆ ಗೊತ್ತಿರಬಾರದು. ಮನೆಯ ವಿಳಾಸ, ಫೋಟೊ, ಒಟಿಪಿ ಯಾರಿಗೂ ಕೊಡಬಾರದು ಎಂಬುದು ಎಲ್ಲ ಆಟಕ್ಕಿಂತ ಮೊದಲ ನಿಯಮವಾಗಲಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಆಡುವುದರಿಂದ ಕಟ್ಟುವುದರ ಕಡೆಗೆ ಮಗುವನ್ನು ಮೆಲ್ಲಗೆ ತಿರುಗಿಸುವುದು. ಇದು ಬರಿಯ ಕನಸಲ್ಲ. ಭಾರತದ ಮೊದಮೊದಲ ಆಟ ತಯಾರಿಕಾ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ. ಬೆಳ್ಳೂರಿನಿಂದ ಬೆಂಗಳೂರು ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ. ಪಂದ್ಯ ಆಡಿಯೇ ಜೀವನ ಸಾಗಿಸುವವರು ಬೆರಳೆಣಿಕೆಯಷ್ಟು ಮಂದಿ, ಆ ಆಸೆಗೆ ಓದು ಬಿಡುವುದು ಮೂರ್ಖತನ. ಆದರೆ ಗಣಿತ, ಚಿತ್ರಕಲೆ, ಕಂಪ್ಯೂಟರ್ ಚೆನ್ನಾಗಿ ಕಲಿತು ಆಟ ಕಟ್ಟಲು ಬಲ್ಲವರಿಗೆ, ಅದು ಗಂಡಾಗಲಿ ಹೆಣ್ಣಾಗಲಿ, ಕೆಲಸವಿದೆ. ಹೆಣ್ಣು ಮಕ್ಕಳು ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವೂ ಅದರಲ್ಲಿದೆ.

ಆದುದರಿಂದ ತಾಯಂದಿರೇ, "ಎಷ್ಟು ಹೊತ್ತು ಆಡಿದೆ?" ಎಂದು ಕೇಳುವುದರ ಜೊತೆಗೆ "ಏನು ಕಟ್ಟಿದೆ? ತೋರಿಸು" ಎಂದೂ ಕೇಳಿ. ಮೊದಲ ಪ್ರಶ್ನೆಗೆ ಅವನು ತಲೆ ತಗ್ಗಿಸುತ್ತಾನೆ. ಎರಡನೆಯದಕ್ಕೆ ತಲೆ ಎತ್ತಿ ಮೊಬೈಲನ್ನು ನಿಮ್ಮ ಕೈಗೇ ಕೊಡುತ್ತಾನೆ. ಗೋಡೆ ಏಕೆ ಅಲ್ಲಿಟ್ಟೆ, ದಾರಿ ಏಕೆ ಇಲ್ಲಿ ಬಿಟ್ಟೆ ಎಂದು ಅವನು ವಿವರಿಸುವಾಗ ಹತ್ತು ನಿಮಿಷ ಕುಳಿತು ಕೇಳಿಸಿಕೊಳ್ಳಿ. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ, ಅವನಿಗೆ ಬೇಸರವಾಗುವುದಿಲ್ಲ.